ಹಗುರ ಲಿನಕ್ಸ್ ಕಟ್ಟುವಾಗ ಜೊತೆಗೆ ಏನೇನು ತುಂಬಬೇಕು?

ನಾನು ಕಟ್ಟಿದ ಮೊದಲ ಲಿನಕ್ಸ್ ಐಎಸ್‌ಒ (ಪೆನ್‌ಡ್ರೈವಿಗೆ ಬರೆದು ಬೂಟ್ ಮಾಡಬಹುದಾದ ಇಡೀ ವ್ಯವಸ್ಥೆಯ ಕಡತ) ಹೋಗಿದ್ದು ಸೋದರಮಾವನ ಲ್ಯಾಪ್‌ಟಾಪಿಗೆ. 2 ಜಿಬಿ ಮೆಮೊರಿ, ತಿರುಗುವ ಹಾರ್ಡ್ ಡಿಸ್ಕ್, ಒಂದು ಕಡೆ ಕಿತ್ತುಹೋದ ಹಿಂಜ್. ಬೂಟ್ ಆದ ಮೇಲೆ ಮೆಮೊರಿ ಬಳಕೆ ನೋಡಿ ನನಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ. ಪಿಡಿಎಫ್ ತೆರೆಯಲು ಜತೂರಾ ಇಟ್ಟಿದ್ದೆ. ಪುಟ್ಟದು, ಚುರುಕಾದದ್ದು, ಕೀಲಿಮಣೆಯಿಂದಲೇ ನಡೆಯುವಂಥದ್ದು. ಮಾವ ಪಹಣಿಯ ಪಿಡಿಎಫ್ ಮೇಲೆ ಡಬಲ್ ಕ್ಲಿಕ್ ಮಾಡಿದರು, ತೆರೆಯಿತು. ಐದು ನಿಮಿಷ ಬಿಟ್ಟು ಫೋನ್ ಬಂತು.

"ಏನೋ ಇದು, ಪ್ರಿಂಟ್ ಅಂತ ಎಲ್ಲೂ ಕಾಣ್ತಿಲ್ವಲ್ಲೋ?"

"ಮಾವ, ಕೋಲನ್ ಒತ್ತಿ, ಪ್ರಿಂಟ್ ಅಂತ ಟೈಪ್ ಮಾಡಿ."

"ಎಲ್ಲಿ ಟೈಪ್ ಮಾಡ್ಲಿ? ಪಹಣಿ ಮೇಲಾ?"

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರಲ್ಲ, ಹಾಗಾಯಿತು. ನಾನು ಉಳಿಸಿದ್ದು ಬೆರಳೆಣಿಕೆಯ ಎಂಬಿಗಳು, ಕಳಕೊಂಡಿದ್ದು ಮಾವನ ನಂಬಿಕೆ. ಅಲ್ಲಿಂದೀಚೆಗೆ ಪಟ್ಟಿಯನ್ನು ಬಹಳ ಸಲ ಹರಿದು ಬರೆದಿದ್ದೇನೆ. ಈಗ ಡೆಬಿಯನ್ ಎಂಬ ಲಿನಕ್ಸಿನ 13ನೇ ಆವೃತ್ತಿಯ ಮೇಲೆ ಕಟ್ಟುತ್ತಿದ್ದೇನೆ. ಹಾಗಾಗಿ ಕೆಳಗಿನದೆಲ್ಲ ಅದರ ಲೆಕ್ಕದಲ್ಲಿದೆ. ಐಎಸ್‌ಒ ಕಟ್ಟಲು ಲೈವ್-ಬಿಲ್ಡ್ ಬಳಸುತ್ತೇನೆ. ಅದಕ್ಕೆ ಪ್ಯಾಕೇಜುಗಳ (ಇನ್‌ಸ್ಟಾಲ್ ಮಾಡಲು ಸಿದ್ಧವಾಗಿ ಕಟ್ಟಿಟ್ಟ ತಂತ್ರಾಂಶಗಳ) ಹೆಸರನ್ನು ಸಾಲಿಗೊಂದರಂತೆ ಬರೆದ ಕಡತ ಕೊಟ್ಟರೆ ಸಾಕು. ಆ ಕಡತದಲ್ಲಿ ಏನು ಬರೆಯಬೇಕು ಅನ್ನುವುದೇ ಇಲ್ಲಿನ ವಿಷಯ.

ಹೆಜ್ಜೆ 1: ಯಾವ ಯಂತ್ರಕ್ಕೆ ಅಂತ ಮೊದಲು ಗೊತ್ತುಮಾಡಿಕೊಳ್ಳಿ

"ಹಳೇ ಕಂಪ್ಯೂಟರಿಗೆ" ಅಂದರೆ ಸಾಲದು. 64 ಬಿಟ್ಟೋ 32 ಬಿಟ್ಟೋ, ಮೆಮೊರಿ ಎಷ್ಟು, ಡಿಸ್ಕ್ ತಿರುಗುವುದೋ ಎಸ್‌ಎಸ್‌ಡಿಯೋ ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.

32 ಬಿಟ್‌ನ ವಿಷಯದಲ್ಲಿ ನನ್ನ ಸಲಹೆ ನೇರ: ಹೊಸದಾಗಿ ಕಟ್ಟುವವರು ಆ ಗೊಡವೆಗೆ ಹೋಗಬೇಡಿ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ 32 ಬಿಟ್ ಇಂಟೆಲ್ ಯಂತ್ರಗಳಿಗೆ ಕರ್ನಲ್ಲೂ (ಯಂತ್ರವನ್ನು ನಡೆಸುವ ತಿರುಳು ತಂತ್ರಾಂಶ) ಇಲ್ಲ, ಇನ್‌ಸ್ಟಾಲರೂ ಇಲ್ಲ. ಕ್ರೋಮ್ 2016ರಲ್ಲೇ 32 ಬಿಟ್ ಲಿನಕ್ಸನ್ನು ಕೈಬಿಟ್ಟಿತು. ಫೈರ್‌ಫಾಕ್ಸ್‌ನ ಸಾಮಾನ್ಯ ಆವೃತ್ತಿಗಳಲ್ಲಿ 144 ಕೊನೆಯದು. ಬ್ರೌಸರ್ ಇಲ್ಲದ ಮೇಲೆ ಉಳಿದದ್ದೆಲ್ಲ ಇದ್ದು ಏನು ಮಾಡುವುದು? ಹಾಗಂತ ನೋಡದೇ ತಳ್ಳಿಹಾಕಲೂಬೇಡಿ. 32 ಬಿಟ್ ವಿಂಡೋಸ್ ಹಾಕಿದ್ದ ಎಷ್ಟೋ ಯಂತ್ರಗಳ ಒಳಗೆ ಇರುವುದು 64 ಬಿಟ್ ಪ್ರೊಸೆಸರೇ. ನೆಟ್‌ಬುಕ್ ಕಾಲದ ಆಟಮ್ ಎನ್270 ಬರೀ 32 ಬಿಟ್, ಆಮೇಲೆ ಬಂದ ಎನ್450 ಆಗಲೇ 64 ಬಿಟ್. ಯಾವುದಾದರೂ ಲೈವ್ ಲಿನಕ್ಸ್ ಹಾಕಿ ಎಲ್‌ಎಸ್‌ಸಿಪಿಯು ಕಮಾಂಡ್ ಕೊಟ್ಟರೆ ಎರಡನೇ ಸಾಲಿನಲ್ಲೇ ಉತ್ತರ ಸಿಗುತ್ತದೆ.

ನನ್ನ ಚೀಟಿ ಹೀಗಿದೆ: 64 ಬಿಟ್, 2 ಜಿಬಿ ಮೆಮೊರಿ, ತಿರುಗುವ ಡಿಸ್ಕ್, ಇಂಟೆಲ್ ಗ್ರಾಫಿಕ್ಸ್.

ಹೆಜ್ಜೆ 2: ಮೂರು ಬಗೆಯ ಭಾರವನ್ನು ಬೇರೆಬೇರೆ ತೂಗಿ

ಹಗುರ ಡಿಸ್ಟ್ರೋ (ಲಿನಕ್ಸಿನ ಒಂದು ಸಿದ್ಧರೂಪ) ಕಟ್ಟುವವರು ಎಲ್ಲ ಭಾರವನ್ನೂ ಒಂದೇ ತಕ್ಕಡಿಗೆ ಹಾಕಿಬಿಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಡಿಸ್ಕಿನಲ್ಲಿ ಸುಮ್ಮನೆ ಕೂತಿರುವ ಭಾರ ಒಂದು. ತೆರೆದಾಗ ಮಾತ್ರ ಮೆಮೊರಿ ತಿನ್ನುವ ಭಾರ ಇನ್ನೊಂದು. ಕೇಳದಿದ್ದರೂ ಬೂಟ್ ಆದಾಗಿನಿಂದ ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಭಾರ ಮತ್ತೊಂದು. 2 ಜಿಬಿ ಯಂತ್ರದಲ್ಲಿ ಜೀವ ಹಿಂಡುವುದು ಮೂರನೆಯದು. ಮೊದಲನೆಯದರಿಂದ ಐಎಸ್‌ಒ ಡೌನ್‌ಲೋಡ್ ದೊಡ್ಡದಾಗುತ್ತದೆ, ಅಷ್ಟೇ.

ಇದನ್ನು ಅಳೆಯುವುದು ಸುಲಭ. ವರ್ಚುವಲ್ ಯಂತ್ರಕ್ಕೆ 2 ಜಿಬಿ ಮಾತ್ರ ಕೊಟ್ಟು ಬೂಟ್ ಮಾಡಿ, ಎರಡು ನಿಮಿಷ ಬಿಡಿ, ಫ್ರೀ ಕಮಾಂಡಿನಲ್ಲಿ 'ಅವೈಲಬಲ್' ಕಾಲಮ್ ನೋಡಿ. 'ಫ್ರೀ' ಕಾಲಮ್ ನೋಡಿ ಗಾಬರಿಯಾಗಬೇಡಿ. ಖಾಲಿ ಬಿದ್ದ ಮೆಮೊರಿಯನ್ನು ಕರ್ನಲ್ ಡಿಸ್ಕಿನ ಕ್ಯಾಶಿಗೆ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಆಮೇಲೆ ಬ್ರೌಸರಿನಲ್ಲಿ ಮೂರು ಟ್ಯಾಬ್ ತೆರೆದು ಇನ್ನೊಮ್ಮೆ ನೋಡಿ. ಬರೆದಿಡಬೇಕಾದ ಅಂಕಿ ಆ ಎರಡನೆಯದು.

ಇನ್ನೊಂದು ಮಾತು. ಪ್ಯಾಕೇಜು ಒಂಟಿಯಾಗಿ ಬರುವುದಿಲ್ಲ, ತಾನು ನೆಚ್ಚಿದ ಬೇರೆ ಪ್ಯಾಕೇಜುಗಳ ದಿಬ್ಬಣ ಕಟ್ಟಿಕೊಂಡೇ ಬರುತ್ತದೆ. ಜತೂರಾ ಕೈಬಿಟ್ಟ ಮೇಲೆ ನಾನು ಆರಿಸಿದ್ದು ಮಾಟೆ ಡೆಸ್ಕ್‌ಟಾಪಿನ ಆಟ್ರಿಲ್. ನೋಡಲು ಸರಳ, ಮೆನು ಇದೆ, ಪ್ರಿಂಟ್ ಇದೆ. ಆದರೆ ಇನ್‌ಸ್ಟಾಲ್ ಮಾಡದೆ ಬರೀ ಪಟ್ಟಿ ತೋರಿಸು ಅಂತ ಪ್ಯಾಕೇಜು ಹಾಕುವ ಉಪಕರಣವಾದ ಆಪ್ಟ್‌ಗೆ ಹೇಳಿದಾಗ ಕಂಡಿದ್ದೇನು? ವೆಬ್‌ಕಿಟ್. ಇ-ಪಬ್ ಪುಸ್ತಕಗಳನ್ನೂ ತೆರೆಯಬೇಕಲ್ಲ, ಅದಕ್ಕೆ ಇಡೀ ಬ್ರೌಸರ್ ಎಂಜಿನ್ ಹಿಂದೆ ಹೊರಟಿದೆ. ಪಿಡಿಎಫ್ ನೋಡುವುದಕ್ಕೆ ಇದೆಲ್ಲ ಯಾಕೆ? ಕೊನೆಗೆ ನಿಂತದ್ದು ಎವಿನ್ಸ್. ಹೆಸರು ದೊಡ್ಡ ಡೆಸ್ಕ್‌ಟಾಪ್ ಗ್ನೋಮ್‌ನದಾದರೂ ದಿಬ್ಬಣ ಚಿಕ್ಕದು. ಇ-ಆಧಾರ್ ಪಿಡಿಎಫ್ ತೆರೆದರೆ ಪಾಸ್‌ವರ್ಡ್ ಕೇಳುತ್ತದೆ, ಮಾಮೂಲಿ ಫಾರಂ ತುಂಬಲೂ ಬಿಡುತ್ತದೆ.

ಹಾಗಾಗಿ ಪಟ್ಟಿಗೆ ಯಾವ ಹೆಸರು ಸೇರಿಸುವ ಮುಂಚೆಯೂ ಆಪ್ಟ್‌ನ ಸಿಮ್ಯುಲೇಟ್ ಆಯ್ಕೆಯಲ್ಲಿ ಎರಡು ಸಲ ಓಡಿಸಿ: ಒಮ್ಮೆ ಹಾಗೇ, ಇನ್ನೊಮ್ಮೆ 'ರೆಕಮೆಂಡ್ಸ್' ಬೇಡ ಅಂತ ಹೇಳಿ. ಡೆಬಿಯನ್ನಿನಲ್ಲಿ ಶಿಫಾರಸು ಮಾಡಿದ ಪ್ಯಾಕೇಜುಗಳೂ ತಾವಾಗೇ ಬಂದು ಕೂರುತ್ತವೆ. ಎರಡು ಪಟ್ಟಿಗಳ ನಡುವಿನ ವ್ಯತ್ಯಾಸವನ್ನು ಕಣ್ಣಲ್ಲಿ ಓದಿ. ಬೇಕಾದದ್ದನ್ನು ಕೈಯಾರೆ ಸೇರಿಸಿ. ರೆಕಮೆಂಡ್ಸ್ ಕುರುಡಾಗಿ ಆಫ್ ಮಾಡಿದರೆ ಏನಾಗುತ್ತದೆ ಅನ್ನುವುದು ಹೆಜ್ಜೆ 7ರಲ್ಲಿದೆ.

ಹೆಜ್ಜೆ 3: ಜಿಟಿಕೆಯೋ ಕ್ಯೂಟಿಯೋ, ಒಂದನ್ನು ಹಿಡಿಯಿರಿ

ಕಿಟಕಿ, ಬಟನ್ನು, ಮೆನು ಬಿಡಿಸುವ ಲೈಬ್ರರಿಗಳಲ್ಲಿ ಇವೆರಡು ದೊಡ್ಡವು. ಎರಡನ್ನೂ ಬೆರೆಸಿದರೆ ಎರಡೂ ಮೆಮೊರಿಯಲ್ಲಿ ಕೂರುತ್ತವೆ. ಕ್ಯೂಟಿಯಲ್ಲಿ ಬರೆದ ಡೆಸ್ಕ್‌ಟಾಪ್ ಎಲ್‌ಎಕ್ಸ್‌ಕ್ಯೂಟಿ ಚೆನ್ನಾಗಿದೆ, ಲುಬುಂಟು ಎಂಬ ಹಗುರ ಡಿಸ್ಟ್ರೋ 18.10ನೇ ಆವೃತ್ತಿಯಿಂದ ಅದನ್ನೇ ಹಿಡಿದಿದೆ. ನಾನು ಜಿಟಿಕೆ 3 ಹಿಡಿದಿದ್ದಕ್ಕೆ ಕಾರಣ ಬೇರೆ: ಫೈರ್‌ಫಾಕ್ಸ್ ತೆರೆದರೆ ಜಿಟಿಕೆ 3 ಹೇಗೂ ಮೆಮೊರಿಗೆ ಬರುತ್ತದೆ. ದಿನದ ಮುಕ್ಕಾಲು ಪಾಲು ತೆರೆದೇ ಇರುವ ಪ್ರೋಗ್ರಾಂ ಅದು. ಉಳಿದವು ಅದರದ್ದೇ ಲೈಬ್ರರಿ ಹಂಚಿಕೊಳ್ಳಲಿ.

ಜಿಟಿಕೆ 2ರ ತಂತ್ರಾಂಶಗಳು ಇನ್ನೂ ಹಗುರ, ನಿಜ. ಆದರೆ 2020ರ ಡಿಸೆಂಬರಿನಲ್ಲಿ ಜಿಟಿಕೆ 4 ಬಂದಾಗಲೇ ಅದರ ನಿರ್ವಹಣೆ ನಿಂತಿತು. ನಮ್ಮಲ್ಲಿ ಬಹಳ ಜನ ಪ್ರೀತಿಸುತ್ತಿದ್ದ ಎಡಿಟರ್ ಲೀಫ್‌ಪ್ಯಾಡ್ ಅದಕ್ಕೂ ಬಹಳ ಮುಂಚೆಯೇ ಹೊಸ ಆವೃತ್ತಿ ಕಾಣದೆ ನಿಂತುಹೋಗಿತ್ತು. ಸತ್ತ ತಂತ್ರಾಂಶ ಎಷ್ಟು ಹಗುರವಾಗಿದ್ದರೂ ಬೇರೆಯವರ ಯಂತ್ರಕ್ಕೆ ಹಾಕಬೇಡಿ. ನಿಮ್ಮದಕ್ಕೆ ಹಾಕಿಕೊಳ್ಳಿ, ಅಡ್ಡಿಯಿಲ್ಲ.

ಡೆಸ್ಕ್‌ಟಾಪಿಗೆ ಎಕ್ಸ್‌ಎಫ್‌ಸಿಇ 4.20. ಪೂರ್ತಿ ಅಲ್ಲ, ಸೆಷನ್, ವಿಂಡೋ ಮ್ಯಾನೇಜರ್, ಪ್ಯಾನೆಲ್, ಡೆಸ್ಕ್‌ಟಾಪ್, ಸೆಟ್ಟಿಂಗ್ಸ್, ಫೈಲ್ ಮ್ಯಾನೇಜರ್ ಥುನಾರ್ ಇಷ್ಟೇ. 'ಗುಡೀಸ್' ಹೆಸರಿನ ಕಟ್ಟು ಬೇಡ. ಬರೀ ಐಸ್‌ಡಬ್ಲ್ಯುಎಂ ಎಂಬ ವಿಂಡೋ ಮ್ಯಾನೇಜರ್ ಹಾಕಿದರೆ ಇದಕ್ಕಿಂತ ಹಗುರ. ಆಂಟಿಎಕ್ಸ್ ಎಂಬ ಹಗುರ ಡಿಸ್ಟ್ರೋದವರು ಅದನ್ನು ಚೆಂದವಾಗಿ ಮಾಡಿ ತೋರಿಸಿದ್ದಾರೆ. ಆದರೆ ಅವರು ಅದರ ಸುತ್ತ ಎಷ್ಟು ಉಪಕರಣಗಳನ್ನು ತಾವೇ ಬರೆದಿದ್ದಾರೆ ನೋಡಿ. ಒಬ್ಬನೇ ಕೂತು ಕಟ್ಟುವವನಿಗೆ ಅಷ್ಟು ಪುರುಸೊತ್ತು ಎಲ್ಲಿದೆ?

ಒಂದು ಎಡವಟ್ಟು ಇಲ್ಲಿ ಕಾದಿರುತ್ತದೆ: ಕ್ಯಾಲಮಾರಿಸ್ ಇನ್‌ಸ್ಟಾಲರ್ ಕ್ಯೂಟಿಯದ್ದು. ಜಿಟಿಕೆ ಅಂತ ಶಪಥ ಮಾಡಿ ಅದನ್ನು ಹಾಕಿದರೆ ಹಿಂಬಾಗಿಲಿನಿಂದ ಕ್ಯೂಟಿ ಬಂತು. ಇನ್‌ಸ್ಟಾಲ್ ಮುಗಿದ ಮೇಲೆ ಬೇಡವಾದ ಪ್ಯಾಕೇಜು ಕೀಳುವ ಮಾಡ್ಯೂಲ್ ಅದರಲ್ಲೇ ಇದೆ. ಕೀಳಬೇಕಾದವುಗಳ ಪಟ್ಟಿಗೆ ಕ್ಯಾಲಮಾರಿಸ್ ಹೆಸರನ್ನೇ ಕೊಟ್ಟುಬಿಡಿ.

ಹೆಜ್ಜೆ 4: ಬ್ರೌಸರ್

ಎಡಿಟರಿನಲ್ಲಿ ಅಷ್ಟು ಉಳಿಸಿದೆ, ಟರ್ಮಿನಲ್ಲಿನಲ್ಲಿ ಇಷ್ಟು ಉಳಿಸಿದೆ ಅಂತ ಲೆಕ್ಕ ಹಾಕುವವರು ಈ ಹೆಜ್ಜೆಯಲ್ಲಿ ಮೌನವಾಗುತ್ತಾರೆ. ಎರಡು ಟ್ಯಾಬ್ ತೆರೆದರೆ ಉಳಿತಾಯವೆಲ್ಲ ಕೊಚ್ಚಿಹೋಗುತ್ತದೆ.

ಪುಟ್ಟ ಬ್ರೌಸರ್ ಡಿಲ್ಲೋ ಅದ್ಭುತ. ಒಂಬತ್ತು ವರ್ಷ ಮಲಗಿದ್ದ ಯೋಜನೆ 2024ರಲ್ಲಿ 3.1 ಆವೃತ್ತಿಯೊಂದಿಗೆ ಎದ್ದು ಕೂತಿತು. ಆದರೆ ಅದರಲ್ಲಿ ಜಾವಾಸ್ಕ್ರಿಪ್ಟ್ ಇಲ್ಲ. ಬ್ಯಾಂಕು, ರೈಲು ಟಿಕೆಟ್ಟು, ಸರ್ಕಾರಿ ಸೇವೆಗಳ ಪೋರ್ಟಲ್ಲು ಯಾವುದೂ ನಡೆಯುವುದಿಲ್ಲ. ಅದನ್ನು ಡೀಫಾಲ್ಟ್ ಮಾಡಿದರೆ ಕೊಟ್ಟವನಿಗೂ ಬೈಗುಳ, ಡಿಲ್ಲೋಗೂ ಕೆಟ್ಟ ಹೆಸರು. ಫೈರ್‌ಫಾಕ್ಸ್ ಇಎಸ್‌ಆರ್ (ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ) ಇಡಿ. ಭದ್ರತಾ ತಿದ್ದುಪಡಿಗಳು ಡೆಬಿಯನ್ನಿನಿಂದಲೇ ಬರುತ್ತವೆ, ನೀವು ಏನೂ ಮಾಡಬೇಕಿಲ್ಲ.

ಅದನ್ನು ಹಗುರ ಮಾಡಲು ಮೂರು ಉಪಾಯ ಉಂಟು. ಜಾಹೀರಾತು ತಡೆಯುವ ಯುಬ್ಲಾಕ್ ಆರಿಜಿನ್ ಡೆಬಿಯನ್ ಪ್ಯಾಕೇಜಾಗಿಯೇ ಸಿಗುತ್ತದೆ, ಪಟ್ಟಿಗೆ ಸೇರಿಸಿ. ಸುದ್ದಿ ತಾಣಗಳ ಜಾಹೀರಾತು ನಿಂತರೆ ಪ್ರೊಸೆಸರ್ ಉಸಿರಾಡುತ್ತದೆ. ಎರಡನೆಯದು ಜೀರ್‍ಯಾಮ್. ಮೆಮೊರಿ ತುಂಬಿದಾಗ ಡಿಸ್ಕಿಗೆ ಬರೆಯುವ ಬದಲು, ಪುಟಗಳನ್ನು ಒತ್ತಿ ಚಿಕ್ಕದು ಮಾಡಿ ಮೆಮೊರಿಯಲ್ಲೇ ಇಡುತ್ತದೆ. ತಿರುಗುವ ಡಿಸ್ಕಿನ ಯಂತ್ರದಲ್ಲಿ ಇದರಷ್ಟು ಫಲ ಕೊಟ್ಟದ್ದು ನನ್ನ ಪಟ್ಟಿಯಲ್ಲಿ ಬೇರೊಂದಿಲ್ಲ. 2 ಜಿಬಿಗೆ 1 ಜಿಬಿ ಜೀರ್‍ಯಾಮ್, ಝಡ್‌ಸ್ಟ್ಯಾಂಡರ್ಡ್ ಕಂಪ್ರೆಷನ್.

ಮೂರನೆಯದು ವಿಡಿಯೊ. 2011ರ ಸ್ಯಾಂಡಿ ಬ್ರಿಜ್ ಕಾಲದ ಇಂಟೆಲ್ ಗ್ರಾಫಿಕ್ಸ್ ಎಚ್.264 ಎಂಬ ರೂಪದ ವಿಡಿಯೊವನ್ನು ತಾನೇ ಬಿಡಿಸಬಲ್ಲದು. ಆದರೆ ಯೂಟ್ಯೂಬ್ ಕಳಿಸುವುದು ಬಹುಮಟ್ಟಿಗೆ ವಿಪಿ9 ಇಲ್ಲವೇ ಎವಿ1. ಅವೆರಡೂ ಆ ಚಿಪ್ಪಿಗೆ ತಿಳಿಯವು. ಎಲ್ಲ ಭಾರ ಪ್ರೊಸೆಸರ್ ತಲೆಯ ಮೇಲೆ ಬಿದ್ದು ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಕೂಗುತ್ತದೆ. ಚಿಪ್ಪಿನಿಂದಲೇ ವಿಡಿಯೊ ಬಿಡಿಸುವ ಐ965 ವಿಎ ಡ್ರೈವರ್ ಪ್ಯಾಕೇಜು ಪಟ್ಟಿಯಲ್ಲಿರಲಿ, ಯೂಟ್ಯೂಬಿನಿಂದ ಎಚ್.264 ವಿಡಿಯೊವನ್ನೇ ತರಿಸುವ ಎಚ್264ಫೈ ಎಂಬ ಆಡ್ಆನ್ ಬ್ರೌಸರಿನಲ್ಲಿರಲಿ. ಮಾವನ ಯಂತ್ರದಲ್ಲಿ ಯಕ್ಷಗಾನದ ವಿಡಿಯೊ ತೊದಲುವುದು ನಿಂತದ್ದು ಇದರಿಂದ.

ಹೆಜ್ಜೆ 5: ಕನ್ನಡದ ಪರೀಕ್ಷೆ

ಹಗುರ ತಂತ್ರಾಂಶಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತಲೆನೋವಿಲ್ಲ. ಕನ್ನಡಕ್ಕೆ ಫಾಂಟ್ ಒಂದಿದ್ದರೆ ಸಾಲದು. ಒತ್ತಕ್ಷರ, ಅರ್ಕಾವತ್ತು, ಗುಣಿತ ಕೂಡಿಸುವ ಕೆಲಸವನ್ನು ಹಾರ್ಫ್‌ಬಜ್‌ನಂಥ ಲೈಬ್ರರಿ ಮಾಡಬೇಕು. ಹಗುರ ಮಾಡುವ ಭರದಲ್ಲಿ ಎಷ್ಟೋ ಪ್ರೋಗ್ರಾಂಗಳು ಬಿಟ್ಟಿರುವುದು ಇದನ್ನೇ. ಎಕ್ಸ್‌ಟರ್ಮ್ ಎಂಬ ಟರ್ಮಿನಲ್ಲಿನಲ್ಲಿ ಕನ್ನಡ ತೆರೆದು ನೋಡಿ: ಅಕ್ಷರಗಳು ಜಾತ್ರೆಯಲ್ಲಿ ಕೈತಪ್ಪಿದ ಮಕ್ಕಳ ಹಾಗೆ ಒಂದೊಂದು ಒಂದೊಂದು ಕಡೆ.

ನನ್ನ ಪರೀಕ್ಷೆ ಒಂದು ಕಡತ. ಹೆಸರು "ರಾಷ್ಟ್ರೀಯ ಸೂರ್ಯಗ್ರಹಣ". ಒಳಗಿನ ಸಾಲೂ ಅದೇ. ಮೂರು ವ್ಯಂಜನದ ಒತ್ತು, ದೀರ್ಘ ಗುಣಿತ, 'ರ್ಯ', 'ಗ್ರ' ಎಲ್ಲ ಇದರಲ್ಲಿವೆ. ಫೈಲ್ ಮ್ಯಾನೇಜರಿನಲ್ಲಿ ಹೆಸರು ಸರಿಯಿದೆಯೇ? ತೆರೆದಾಗ ಕಿಟಕಿಯ ತಲೆಪಟ್ಟಿಯಲ್ಲಿ? ಕೆಳಗಿನ ಪ್ಯಾನೆಲ್ಲಿನಲ್ಲಿ? ಎಡಿಟರಿನಲ್ಲಿ? ಪಿಡಿಎಫ್ ಮಾಡಿದ ಮೇಲೆ? ಕರ್ಸರನ್ನು 'ಷ್ಟ್ರೀ' ಒಳಗೆ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿದಾಗ ಏನಾಗುತ್ತದೆ? ಅಕ್ಷರ ಜೋಡಿಸುವ ಪ್ಯಾಂಗೋ ಲೈಬ್ರರಿ ಬಳಸುವ ವಿಂಡೋ ಮ್ಯಾನೇಜರುಗಳಾದ ಎಕ್ಸ್‌ಎಫ್‌ಡಬ್ಲ್ಯುಎಂ, ಓಪನ್‌ಬಾಕ್ಸ್ ತಲೆಪಟ್ಟಿಯಲ್ಲಿ ಪಾಸಾಗುತ್ತವೆ. ಎಡಿಟರಿಗೆ ಮೌಸ್‌ಪ್ಯಾಡ್ ಪಾಸು. ಟರ್ಮಿನಲ್ಲಿನಲ್ಲಿ ಕನ್ನಡ ಚೆಂದ ಕಾಣಬೇಕೆಂಬ ಆಸೆಯನ್ನು ನಾನು ಬಿಟ್ಟಿದ್ದೇನೆ.

ಫಾಂಟಿಗೆ ಡೆಬಿಯನ್ನಿನ ಕನ್ನಡ ಫಾಂಟುಗಳ ಕಟ್ಟು ಹಾಕಿದರೆ ಲೋಹಿತ್, ನವಿಲು, ಗುಬ್ಬಿ ಮೂರೂ ಬರುತ್ತವೆ. ನೋಟೋದ ದೊಡ್ಡ ಕಟ್ಟಿನಲ್ಲಿ ಕನ್ನಡವೂ ಇದೆ, ಜೊತೆಗೆ ಜಗತ್ತಿನ ಹೆಚ್ಚಿನ ಲಿಪಿಗಳೂ ಇವೆ. ಡಿಸ್ಕಿನಲ್ಲಿ ಜಾಗ ತಿನ್ನುತ್ತದೆ, ಆದರೂ ಇಟ್ಟಿದ್ದೇನೆ. ಪಕ್ಕದ ಮನೆಯವರ ತಮಿಳು ಸಂದೇಶವೂ ಚೌಕ ಚೌಕವಾಗಿ ಕಾಣಬಾರದಲ್ಲ.

ಟೈಪಿಂಗಿಗೆ ಎರಡು ದಾರಿ. ಭಾರತೀಯ ಕೀಲಿಮಣೆಗಳ ಪಟ್ಟಿಯಲ್ಲಿ ಕಗಪ ಹೆಸರಿನ ವಿನ್ಯಾಸ ಲಿನಕ್ಸಿನ ಮೂಲ ಕೀಲಿಮಣೆ ವ್ಯವಸ್ಥೆಯಾದ ಎಕ್ಸ್‌ಕೆಬಿಯಲ್ಲೇ ಇದೆ. ಹಿನ್ನೆಲೆಯಲ್ಲಿ ಏನೂ ಓಡಬೇಕಿಲ್ಲ, ಮೆಮೊರಿ ಲೆಕ್ಕದಲ್ಲಿ ಪುಕ್ಕಟೆ. ಆದರೆ ಎಕ್ಸ್‌ಕೆಬಿ ಹಿಂದೆ ಒತ್ತಿದ ಕೀಲಿ ಯಾವುದೆಂದು ನೋಡುವುದಿಲ್ಲ. ಹಾಗಾಗಿ ನುಡಿಯಲ್ಲಿ ಬೆರಳು ಪಳಗಿಸಿಕೊಂಡವರಿಗೆ ಸ್ವರ ಮತ್ತು ಗುಣಿತದ ಜಾಗದಲ್ಲಿ ಎಡವಿದಂತಾಗುತ್ತದೆ. ಅವರಿಗೂ, ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಕನ್ನಡ ಪಡೆಯುವವರಿಗೂ ಎಂ17ಎನ್ ಎಂಬ ಟೈಪಿಂಗ್ ವಿಧಾನಗಳ ಲೈಬ್ರರಿ ಬೇಕು. ಅದನ್ನು ಓಡಿಸಲು ಐಬಸ್ ಅಥವಾ ಎಫ್‌ಸಿಟಿಎಕ್ಸ್ 5. ಎರಡನೆಯದರ ಸೆಟ್ಟಿಂಗ್ಸ್ ಉಪಕರಣ ಕ್ಯೂಟಿಯದ್ದು, ಮತ್ತೆ ಅದೇ ದಿಬ್ಬಣ. ಹಾಗಾಗಿ ಐಬಸ್. ಇದು ಸದಾ ಓಡುವ ಭಾರವೇ. ಆದರೂ ಇದನ್ನು ಕಿತ್ತು ಹಗುರ ಮಾಡಿದ್ದೇನೆ ಅಂದರೆ ಅದು ಯಾರಿಗೆ ಹಗುರ?

ಕಚೇರಿಗಳಿಂದ ಬರುವ ಹಳೆಯ ಆಸ್ಕಿ ನುಡಿ ಕಡತಗಳು ಯೂನಿಕೋಡ್ ಫಾಂಟಿನಲ್ಲಿ ಗೀಚಿದಂತೆ ಕಾಣುತ್ತವೆ. ಅದಕ್ಕೆ ಪ್ಯಾಕೇಜಿನ ಮದ್ದಿಲ್ಲ. ಪರಿವರ್ತಕ ಬಳಸಬೇಕು. ಹಂಚುವ ಹಕ್ಕು ಇದೆಯೋ ಇಲ್ಲವೋ ನೋಡದೆ ಹಳೆಯ ಫಾಂಟುಗಳನ್ನು ಐಎಸ್‌ಒ ಒಳಗೆ ತುರುಕಬೇಡಿ.

ಹೆಜ್ಜೆ 6: ಆಫೀಸು, ಹಾಡು, ಚಿತ್ರ

ಬರಹಕ್ಕೆ ಅಬಿವರ್ಡ್ ಹಗುರ, ಲೆಕ್ಕದ ಹಾಳೆಗೆ ನ್ಯೂಮೆರಿಕ್ ಅದಕ್ಕಿಂತ ಚೆನ್ನ. ಆದರೆ ಶಾಲೆಯಿಂದ ಬಂದ ಡಾಕ್ಸ್ ಕಡತದ ಕೋಷ್ಟಕ ಅಬಿವರ್ಡ್‌ನಲ್ಲಿ ಒಡೆದರೆ ಬಳಸುವವರು ಲಿನಕ್ಸನ್ನೇ ದೂರುತ್ತಾರೆ. ಲಿಬ್ರೆಆಫೀಸ್ ಮುಚ್ಚಿದ್ದಾಗ ತಿನ್ನುವುದು ಡಿಸ್ಕನ್ನು ಮಾತ್ರ, ಅಂದರೆ ಮೊದಲ ಬಗೆಯ ಭಾರ. ಇಡೀ ಕಟ್ಟು ಹಾಕಿದರೆ ಡೇಟಾಬೇಸಿನ ಬೇಸ್, ಅದರ ಬೆನ್ನಿಗೆ ಜಾವಾ ಬರುತ್ತವೆ. ರೈಟರ್, ಕ್ಯಾಲ್ಕ್, ಜಿಟಿಕೆ 3 ಹೊಂದಿಕೆಯ ಪ್ಯಾಕೇಜು ಇಷ್ಟನ್ನೇ ಹೆಸರಿಸಿ.

ಹಾಡು, ಸಿನಿಮಾ ಎರಡಕ್ಕೂ ಎಂಪಿವಿ. ಚಿತ್ರಕ್ಕೆ ರಿಸ್ಟ್ರೆಟ್ಟೋ. ಜಿಪ್ಪಿಗೆ ಎಕ್ಸ್‌ಆರ್ಕೈವರ್. ಪ್ಯಾಕೇಜು ಹುಡುಕಲು ಸಿನಾಪ್ಟಿಕ್. ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಆಕಾಶ ಕಳಚಿ ಬೀಳುವುದಿಲ್ಲ. ಒಂದು ಕೆಲಸಕ್ಕೆ ಒಂದೇ ಇರಲಿ, ಅಷ್ಟು ನೋಡಿಕೊಳ್ಳಿ.

ಹೆಜ್ಜೆ 7: ಕಣ್ಣಿಗೆ ಕಾಣದವು

ನನ್ನ ಎರಡನೇ ಐಎಸ್‌ಒ ಮಣ್ಣು ಮುಕ್ಕಿದ್ದು ಇಲ್ಲಿ. ರೆಕಮೆಂಡ್ಸ್ ಪೂರ್ತಿ ಆಫ್ ಮಾಡಿದ್ದೆ. ಪೆನ್‌ಡ್ರೈವ್ ಚುಚ್ಚಿದರೆ ಥುನಾರಿನಲ್ಲಿ ಏನೂ ಕಾಣದು, ಅಳಿಸಿದ ಕಡತಕ್ಕೆ ಕಸದಬುಟ್ಟಿಯೂ ಇಲ್ಲ. ಕಾರಣ, ಇವೆರಡನ್ನೂ ನೋಡಿಕೊಳ್ಳುವ ಜಿವಿಎಫ್‌ಎಸ್ ಬಂದಿರಲಿಲ್ಲ. ಅದನ್ನು ಸೇರಿಸಿದೆ. ಪೆನ್‌ಡ್ರೈವ್ ತೆರೆಯಿತು, ಆದರೆ ಅದೇ ಯಂತ್ರದ ವಿಂಡೋಸ್ ಪಾರ್ಟಿಶನ್ ಮೇಲೆ ಕ್ಲಿಕ್ ಮಾಡಿದರೆ 'ಅನುಮತಿಯಿಲ್ಲ' ಅಂತ ಒಂದು ಸಾಲು. ಒಳಗಿನ ಡಿಸ್ಕ್ ತೆರೆಯಲು ಪಾಸ್‌ವರ್ಡ್ ಕೇಳಬೇಕು. ಆ ಪೆಟ್ಟಿಗೆಯನ್ನು ತೋರಿಸುವ ಪೋಲ್‌ಕಿಟ್ ಏಜೆಂಟನ್ನೂ ನಾನು ಕಿತ್ತಿದ್ದೆ. ಇವೆರಡು ಪಟ್ಟಿಯಲ್ಲಿ ಇರಲೇಬೇಕು. ಫೋನನ್ನು ಕೇಬಲ್ಲಿನಲ್ಲಿ ಜೋಡಿಸುವವರಿಗಾಗಿ ಜಿವಿಎಫ್‌ಎಸ್‌ನ ಬ್ಯಾಕೆಂಡ್ಸ್ ಕೂಡ.

ಧ್ವನಿಗೆ ಪೈಪ್‌ವೈರ್, ಅದರ ಪಲ್ಸ್ ಹೊಂದಿಕೆ, ವೈರ್‌ಪ್ಲಂಬರ್. ಬರೀ ಆಲ್ಸಾ (ಕರ್ನಲ್ಲಿನದೇ ಧ್ವನಿ ವ್ಯವಸ್ಥೆ) ಸಾಕು ಅನ್ನುವ ಕಾಲ 2017ರಲ್ಲಿ ಫೈರ್‌ಫಾಕ್ಸ್ 52 ಬಂದಾಗಲೇ ಮುಗಿಯಿತು. ನೆಟ್‌ವರ್ಕಿಗೆ ನೆಟ್‌ವರ್ಕ್‌ಮ್ಯಾನೇಜರ್, ಅದರ ಆಪ್ಲೆಟ್. ಇದಕ್ಕಿಂತ ಹಗುರವಾದವು ಇವೆ. ಆದರೆ ಫೋನಿನ ಯುಎಸ್‌ಬಿ ಟೆದರಿಂಗ್ ಚುಚ್ಚಿದ ಕೂಡಲೇ ಏನೂ ಕೇಳದೆ ಕೆಲಸ ಮಾಡಬೇಕು, ಹಳ್ಳಿಯಲ್ಲಿ ಬಹಳ ಮನೆಗಳಿಗೆ ಅದೇ ಇಂಟರ್‌ನೆಟ್ಟು.

ಫರ್ಮ್‌ವೇರ್ (ವೈಫೈಯಂಥ ಚಿಪ್ಪುಗಳು ನಡೆಯಲು ಬೇಕಾದ ಕಡತಗಳು) ಬಿಡಬೇಡಿ. 2022ರಲ್ಲಿ ಡೆಬಿಯನ್ ಮತ ಹಾಕಿ ಮುಕ್ತವಲ್ಲದ ಫರ್ಮ್‌ವೇರನ್ನೂ ಅಧಿಕೃತ ಇನ್‌ಸ್ಟಾಲರಿನಲ್ಲಿ ಸೇರಿಸಲು ಒಪ್ಪಿತು. ಆದರೆ ಲೈವ್-ಬಿಲ್ಡ್‌ನಲ್ಲಿ ಆ ವಿಭಾಗವನ್ನು ನೀವೇ ಸೇರಿಸಿದ್ದೀರಾ ನೋಡಿಕೊಳ್ಳಿ. ಇಂಟೆಲ್, ರಿಯಲ್‌ಟೆಕ್, ಅಥೆರೋಸ್ ವೈಫೈಗಳಿಗೆ ಒಂದೊಂದು ಪ್ಯಾಕೇಜು. ಹಳೆಯ ಬ್ರಾಡ್‌ಕಾಮ್ ಚಿಪ್ಪುಗಳದ್ದು ತಮಾಷೆ: ಅವುಗಳ ಇನ್‌ಸ್ಟಾಲರ್ ಪ್ಯಾಕೇಜು ಫರ್ಮ್‌ವೇರನ್ನು ಇಂಟರ್‌ನೆಟ್ಟಿನಿಂದ ತರುತ್ತದೆ. ವೈಫೈ ಬರಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ವೈಫೈ ಬೇಕು.

ಡೆಬಿಯನ್ 13ರಲ್ಲಿ ಇನ್ನೊಂದು ಹೊಸತು. ತಾತ್ಕಾಲಿಕ ಕಡತಗಳ ಟಿಎಂಪಿ ಡೈರೆಕ್ಟರಿ ಈಗ ಮೆಮೊರಿಯಲ್ಲಿರುತ್ತದೆ, ಅರ್ಧ ಮೆಮೊರಿಯವರೆಗೂ ಬೆಳೆಯಬಹುದು. 8 ಜಿಬಿಯವರಿಗೆ ಸೊಗಸು. 2 ಜಿಬಿಯಲ್ಲಿ ಯಾವುದೋ ದೊಡ್ಡ ಜಿಪ್ ಬಿಚ್ಚುವಾಗ ಯಂತ್ರ ಕಲ್ಲಾಗುತ್ತದೆ. ಟಿಎಂಪಿ ಮೌಂಟ್ ಯೂನಿಟ್ಟನ್ನು ಮಾಸ್ಕ್ ಮಾಡಿದರೆ, ಅಂದರೆ ಶುರುವಾಗದಂತೆ ತಡೆದರೆ, ಅದು ಮತ್ತೆ ಡಿಸ್ಕಿಗೆ ಹೋಗುತ್ತದೆ.

ಹೆಜ್ಜೆ 8: ಪಟ್ಟಿಯನ್ನು ಮೆಟಾಪ್ಯಾಕೇಜ್ ಮಾಡಿ, ಆದರೆ ಹುಷಾರು

ಎಲ್ಲ ಆಯ್ಕೆಯನ್ನೂ ಒಂದು ಖಾಲಿ ಪ್ಯಾಕೇಜಿಗೆ ಕಟ್ಟಿದರೆ ಮುಂದೆ ಬದಲಾವಣೆ ಹಂಚುವುದು ಸುಲಭ. ಈಕ್ವಿವ್ಸ್ ಉಪಕರಣದಲ್ಲಿ ಹತ್ತು ನಿಮಿಷದ ಕೆಲಸ. ತಪ್ಪುವುದು ಒಂದೇ ಕಡೆ: ಎಲ್ಲವನ್ನೂ 'ಡಿಪೆಂಡ್ಸ್' ಸಾಲಿನಲ್ಲಿ ಬರೆಯುವುದು. ಬಳಸುವವರು ಎಂಪಿವಿ ಬೇಡ ಅಂತ ಕಿತ್ತರೆ, ಅದನ್ನು ನೆಚ್ಚಿದ ಮೆಟಾಪ್ಯಾಕೇಜೂ ಹೋಗುತ್ತದೆ. ಅದು ಹೋದ ಮೇಲೆ ಉಳಿದದ್ದೆಲ್ಲ ಆಪ್ಟ್ ಕಣ್ಣಿಗೆ ಅನಾಥ. ಅನಾಥ ಪ್ಯಾಕೇಜುಗಳನ್ನು ತೆಗೆಯುವ ಮುಂದಿನ ಆಟೋರಿಮೂವ್‌ನಲ್ಲಿ ಡೆಸ್ಕ್‌ಟಾಪೇ ಗಂಟುಮೂಟೆ ಕಟ್ಟುತ್ತದೆ. ಇಲ್ಲದಿದ್ದರೆ ಯಂತ್ರವೇ ನಡೆಯದು ಅನ್ನುವಂಥವನ್ನು ಮಾತ್ರ ಡಿಪೆಂಡ್ಸ್‌ನಲ್ಲಿಡಿ. ಬ್ರೌಸರ್, ಪ್ಲೇಯರ್, ಆಫೀಸು ರೆಕಮೆಂಡ್ಸ್‌ನಲ್ಲಿರಲಿ.

ಮತ್ತೆ, ಐಎಸ್‌ಒ ಕಟ್ಟುವಾಗ ನೀವು ರೆಕಮೆಂಡ್ಸ್ ಆಫ್ ಮಾಡಿದ್ದರೆ ನಿಮ್ಮದೇ ಮೆಟಾಪ್ಯಾಕೇಜಿನ ರೆಕಮೆಂಡ್ಸೂ ಬರುವುದಿಲ್ಲ! ಆ ಹೆಸರುಗಳನ್ನು ಲೈವ್-ಬಿಲ್ಡ್ ಪಟ್ಟಿಯಲ್ಲೂ ಬರೆಯಿರಿ. ಇದಕ್ಕೆ ನಾನು ಒಂದು ಭಾನುವಾರ ಕಳೆದಿದ್ದೇನೆ.

ಹೆಜ್ಜೆ 9: ಬೇರೆಯವರ ಕೈಗೆ ಕೊಟ್ಟು ಬಾಯಿ ಮುಚ್ಚಿಕೊಂಡು ಕೂರಿ

ವರ್ಚುವಲ್ ಯಂತ್ರ ಸಾಲದು. ನಿಜವಾದ ಹಳೇ ಲ್ಯಾಪ್‌ಟಾಪು, ಲಿನಕ್ಸ್ ಗೊತ್ತಿಲ್ಲದ ಒಬ್ಬರು, ಒಂದು ಚೀಟಿ. ಚೀಟಿಯಲ್ಲಿ: ಫೋನಿನಿಂದ ಇಂಟರ್‌ನೆಟ್ ಹಾಕಿಕೊಳ್ಳಿ, ಪಾಸ್‌ವರ್ಡ್ ಇರುವ ಪಿಡಿಎಫ್ ತೆರೆದು ಎರಡನೇ ಪುಟ ಮಾತ್ರ ಪ್ರಿಂಟ್ ಹಾಕಿ, ಕನ್ನಡದಲ್ಲಿ ಒಂದು ಅರ್ಜಿ ಬರೆದು ಪೆನ್‌ಡ್ರೈವಿಗೆ ಹಾಕಿ, ಫೋನಿನ ಫೋಟೊ ಕಾಪಿ ಮಾಡಿ, ಒಂದು ಹಾಡು ಕೇಳಿ, ಶಬ್ದ ಕಮ್ಮಿ ಮಾಡಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅದನ್ನು ಬರೆದುಕೊಳ್ಳಿ. ಹೇಳಿಕೊಡಬೇಡಿ.

ಈಚಿನ ಆವೃತ್ತಿಯಲ್ಲಿ ಮಾವ ಚೀಟಿಯ ಎಲ್ಲ ಕೆಲಸ ಮುಗಿಸಿದರು. ಆಮೇಲೆ ಮೆನು ಪೂರ್ತಿ ಎರಡು ಸಲ ಹುಡುಕಿ, ಕನ್ನಡಕ ಮೇಲೇರಿಸಿ ಕೇಳಿದರು: "ಇಸ್ಪೀಟ್ ಆಟ ಇಲ್ವೇನೋ ಇದ್ರಲ್ಲಿ?"

ಐಸಲ್‌ರಯಟ್ ಎಂಬ ಸಾಲಿಟೇರ್ ಇದೆ. ಅದರ ಒಂದೊಂದು ಆಟದ ನಿಯಮವನ್ನೂ ಸ್ಕೀಮ್ ಭಾಷೆಯಲ್ಲಿ ಬರೆದಿದ್ದಾರೆ. ಹಾಗಾಗಿ ಬೆನ್ನಿಗೆ ಗೈಲ್ ಎಂಬ ಇಡೀ ಇಂಟರ್‌ಪ್ರಿಟರ್ ಬರುತ್ತದೆ. ಎರಡು ದಿನ ಯೋಚಿಸಿ ಹಾಕಿದೆ.